ಅರವತ್ತು ಬಳಚು, ಮೂರು ಸಲಹೆ

ಆ ಬಕೆಟ್ಟಿಗೊಂದು ಮುಚ್ಚಳ ಇದ್ದಿದ್ದರೆ ಜಟ್ಟುವಿಗೆ ಆ ದಿನ ಅಷ್ಟು ಪಡಿಪಾಟಲು ಬರುತ್ತಿರಲಿಲ್ಲ.

ಬಕೆಟ್ಟಿನಲ್ಲಿ ಇದ್ದದ್ದು ಅರವತ್ತು ಬಳಚು. ಅಂಕೋಲೆಯ ಹೊಳೆಬಾಯಿಯಲ್ಲಿ ಅವನ ತಾಯಿ ಸೋಮಿ ನಲವತ್ತು ವರ್ಷದಿಂದ ಮರಳು ಕೆದರಿ ಹೆಕ್ಕುತ್ತಿರುವ, ಸಾರಿಗೆ ಬಳಸುವ ಜೀವಂತ ಚಿಪ್ಪುಗಳು. ಅವನ್ನು ಮಾರಿಯೇ ಮಗನನ್ನು ಬೆಳೆಸಿದವಳು. ಈಚೆಗೆ ಅವು ಸಿಗುವುದೇ ಕಡಿಮೆಯಾಗಿತ್ತು. ಯಾಕೆ ಎಂದು ಪತ್ತೆಮಾಡಲು ಜಟ್ಟು ದಿಲ್ಲಿಯ ಸಂಶೋಧನಾ ಅನುದಾನಕ್ಕೆ ಅರ್ಜಿ ಬರೆದಿದ್ದ.

ಹಗಲು ಬಂದರಿನಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ಮೇಲೆ ಬಂದವನು ಅವನು. ಕಾರವಾರದ ವಿಶ್ವವಿದ್ಯಾಲಯ ಕೇಂದ್ರದಲ್ಲಿ ಸಹಾಯಕ ಪ್ರಾಧ್ಯಾಪಕನಾಗಿ ಎರಡು ವರ್ಷವಾಗಿದ್ದರೂ, ಯಾರ ಕುರ್ಚಿಯಲ್ಲಿ ಕೂತುಬಿಟ್ಟೆನೋ ಎಂಬಂತೆ ತುದಿಯಲ್ಲೇ ಕೂರುತ್ತಿದ್ದ. ಅರ್ಜಿಗೆ ಅಂದು ಸಂಜೆ ಐದಕ್ಕೆ ಗಡುವು. ಅಷ್ಟರೊಳಗೆ ಮೂವರು ಹಿರಿಯ ಪ್ರಾಧ್ಯಾಪಕರ ಸಲಹೆ ಪಡೆಯಬೇಕು, ಅವರು ನೇರವಾಗಿ ಕಳಿಸುವ ಜಂಟಿ ಅಭಿಪ್ರಾಯ ಅರ್ಜಿಗೆ ಸೇರಬೇಕು, ಬಳಚುಗಳನ್ನು ಕೇಂದ್ರದ ಪ್ರಯೋಗಾಲಯದಲ್ಲಿ ಅಳೆದು ಪಟ್ಟಿ ಸೇರಿಸಬೇಕು.

ಒಂದೊಂದು ಚಿಪ್ಪಿನ ಮೇಲೂ ಅವನು ಕಪ್ಪು ಶಾಯಿಯಲ್ಲಿ ನಂಬರು ಬರೆಯುವುದನ್ನು ಸೋಮಿ ಬಾಗಿಲಲ್ಲಿ ನಿಂತು ನೋಡಿದಳು.

"ಬಳಚಿಗೂ ಪರೀಕ್ಷೆಗೆ ಕೂರ್ಸ್ತ್ಯೇನೋ ಮಗಾ?" ಎಂದು ಕೇಳಿದಳು. ಆಮೇಲೆ ಮೆಲ್ಲಗೆ, "ಮೂರ್ ದಿವ್ಸ ಸೊಂಟದ ಮಟ ನೀರಲ್ಲಿ ನಿಂತಿ ಹೆಕ್ಕದ್ದು ಇಷ್ಟೇ. ಮೊದ್ಲಾದ್ರೆ ನೀರಿನ ಒಂದ್ ಇಳತಕ್ಕೇ ಬುಟ್ಟಿ ತುಂಬ್ತಿತ್ತು" ಎಂದಳು.

ಮೊದಲ ಸಲಹೆ ಬಾಳೆಗುಳಿಯಲ್ಲಿ. ಶ್ರೀನಿವಾಸ ನಾಯಕರು ಸೇವೆಯಿಂದ ನಿವೃತ್ತರಾದರೂ ಸಲಹೆಯಿಂದ ನಿವೃತ್ತರಾದವರಲ್ಲ. ಕಡಲ ಕಡೆಯಿಂದ ಹಿರಿಯರ ಮನೆಗೆ ಬರುವವರು ಬರಿಗೈಯಲ್ಲಿ ಬರುವುದು ಆ ಸೀಮೆಯಲ್ಲಿ ಇಲ್ಲ. ಹಾಗಾಗಿ ಬಕೆಟ್ಟು ಏನೆಂಬುದು ಗೇಟಿನಲ್ಲೇ ತೀರ್ಮಾನವಾಗಿಬಿಟ್ಟಿತು.

"ಇದೆಲ್ಲಾ ಯಾಕೆ ತರೂಕೆ ಹೋದ್ಯೋ ಮಾರಾಯಾ" ಎಂದರು ನಾಯಕರು. ಜಟ್ಟು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಉಮಕ್ಕ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು.

ಅಂಕೋಲೆ ಎಂದು ಬರೆದರೆ ದಿಲ್ಲಿಯವರಿಗೆ ತಿಳಿಯುವುದಿಲ್ಲ, ಇಡೀ ಅರಬ್ಬಿ ಸಮುದ್ರವನ್ನೇ ಸೇರಿಸು ಎಂದು ನಾಯಕರು ಒಂದು ತಾಸು ತಿದ್ದಿದರು. ಎಂಟು ಪುಟದ ಅರ್ಜಿ ಹದಿನೆಂಟಾಯಿತು. ಉಮಕ್ಕ ವಾಪಸು ತಂದಿಟ್ಟ ಬಕೆಟ್ಟಿನಲ್ಲಿ ಅರವತ್ತು ಬಳಚು ಮೂವತ್ತೆಂಟಾಗಿದ್ದವು.

ಎರಡನೆಯ ಸಲಹೆ ಶಿರವಾಡದಲ್ಲಿ, ಮಂದಾಕಿನಿ ಶಾನಭಾಗ ಮೇಡಂ ಮನೆ. ಈ ಸಲ ಜಟ್ಟು ಬಕೆಟ್ಟನ್ನು ಬೆನ್ನ ಹಿಂದೆ ಹಿಡಿದುಕೊಂಡ. ಆದರೆ ಅವನ ಬೆನ್ನು ಅಷ್ಟು ಅಗಲದ್ದಲ್ಲ. ಸಾಲದ್ದಕ್ಕೆ ಬಳಚೊಂದು ಚಿರಕ್ಕನೆ ನೀರು ಚಿಮ್ಮಿಸಿ ತಾನಿರುವುದನ್ನು ತಿಳಿಸಿತು.

"ಮೇಡಂ, ಇವು ಲ್ಯಾಬಿಗೆ..." ಎಂದು ಅವನು ಧೈರ್ಯ ಮಾಡಿ ಶುರುಮಾಡಿದ.

"ಗೊತ್ತಾಯ್ತು ಬಾಬಾ, ಲ್ಯಾಬಿನವರಿಗೂ ಕೊಡ್ಬೇಕಲ್ಲ" ಎಂದ ಮೇಡಂ ಒಂದನ್ನು ಎತ್ತಿ ನಂಬರು ನೋಡಿದರು. "ಯಾರಿಗೂ ಕಡಿಮೆ ಆಗ್ಬಾರ್ದು ಅಂತ ಎಣಿಸಿ ತಂದಿದ್ದೀಯ. ನಿನ್ನಷ್ಟು ಶಿಸ್ತಿನವನು ನಮ್ಮ ಕೇಂದ್ರದಲ್ಲೇ ಇಲ್ಲ ನೋಡು."

ಎರಡು ವರ್ಷದಲ್ಲಿ ಅವನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಹೊಗಳಿಕೆ ಇಟ್ಟುಕೊಂಡು ಬಳಚು ಮಾತ್ರ ವಾಪಸು ಕೇಳುವುದು ಹೇಗೆ? ತಾನೇ ಅವರ ಪಾತ್ರೆಗೆ ಸುರಿದ. ಮೇಡಂ ಅರ್ಜಿಯಿಂದ ಸೋಮಿಯ ಪ್ರಸ್ತಾಪ ತೆಗೆಸಿ ಕೃತಕ ಬುದ್ಧಿಮತ್ತೆ ಹಾಕಿಸಿದರು. ಈಗ ಪುಟ ಮೂವತ್ತೊಂದು, ಬಳಚು ಹದಿನಾಲ್ಕು.

ಕೇಂದ್ರ ಮುಟ್ಟಿದಾಗ ಹನ್ನೆರಡೂವರೆ. ಮೂರನೆಯ ಸಲಹೆ ಕೊಡಬೇಕಿದ್ದ ಸುನೀಲ ಬಾಂದೇಕರ ಸರ್ ಊಟಕ್ಕೆ ಮನೆಗೆ ಹೊರಟಿದ್ದರು. ನಿಂತಲ್ಲೇ ಅರ್ಜಿ ತಿರುವಿ, ಇಷ್ಟುದ್ದ ಯಾರು ಓದುತ್ತಾರೆ, ಎರಡು ಪುಟಕ್ಕೆ ಇಳಿಸು ಎಂದರು. ಆಮೇಲೆ ಬಕೆಟ್ಟು ನೋಡಿದರು. ಊಟದ ಪಂಕ್ತಿಯಲ್ಲಿ ತನ್ನ ಎಲೆಯೊಂದನ್ನೇ ಬಿಟ್ಟು ಬಡಿಸಿಕೊಂಡು ಹೋದಾಗ ಆಗುವಂಥ ಮುಖ ಮಾಡಿದರು ಅಷ್ಟೇ. ಆ ಮುಖ ಜಟ್ಟುವಿನಿಂದ ನೋಡಲಾಗಲಿಲ್ಲ.

"ಸರ್, ನಿಮ್ದೂ ಉಂಟು" ಎಂದ.

ಹೀಗೆ ಬಕೆಟ್ಟಿನಲ್ಲಿ ಸಮುದ್ರದ ನೀರು ಮಾತ್ರ ಉಳಿಯಿತು.

ಅಳೆಯಲು ಏನೂ ಇರಲಿಲ್ಲ. ಜಟ್ಟು ಪ್ರಯೋಗಾಲಯದ ಸ್ಟೂಲಿನಲ್ಲಿ ಕೂತು ಅರಬ್ಬಿ ಸಮುದ್ರ ಹೊಡೆದುಹಾಕಿದ, ಕೃತಕ ಬುದ್ಧಿಮತ್ತೆಯನ್ನೂ ಹೊಡೆದುಹಾಕಿದ. ಎರಡು ಪುಟದಲ್ಲಿ ತನಗೆ ಗೊತ್ತಿದ್ದ ಒಂದೇ ನಿಜವನ್ನು ಬರೆದ: ನಲವತ್ತು ವರ್ಷದ ಅನುಭವವಿರುವ ಹೆಂಗಸು ಮೂರು ದಿನ ಹುಡುಕಿದಾಗ ಸಿಕ್ಕಿದ್ದು ಅರವತ್ತು. ಬರೆದದ್ದನ್ನು ಇನ್ನೊಮ್ಮೆ ಓದಿದ. ಇಷ್ಟು ಚೆನ್ನಾಗಿ ತಾನು ಹಿಂದೆಂದೂ ಬರೆದಿರಲಿಲ್ಲ ಎನಿಸಿ, ಮೊದಲ ಸಲ ಬೆನ್ನು ಒರಗಿಸಿ ಕೂರಲು ಹೋಗಿ, ಸ್ಟೂಲಿಗೆ ಬೆನ್ನಿಲ್ಲದೆ ಬೀಳುವುದರಲ್ಲಿದ್ದ. ನಾಲ್ಕೂವರೆಗೆ ಅಳತೆಯ ಪಟ್ಟಿಯಿಲ್ಲದೆಯೇ ಅರ್ಜಿ ಕಳಿಸಿದ. ಇನ್ನು ಹಿರಿಯರ ಅಭಿಪ್ರಾಯ ಬಂದರೆ ಆಯಿತು.

ಐದಕ್ಕೆ ಐದು ನಿಮಿಷ ಇರುವಾಗ ಮಂದಾಕಿನಿ ಮೇಡಂ ಫೋನು ಬಂತು. ಮೂವರೂ ಮಾತಾಡಿಕೊಂಡು ಅಭಿಪ್ರಾಯ ಹಾಕಿಯಾಗಿತ್ತು. ಸ್ವತಃ ಕಂಡದ್ದನ್ನಷ್ಟೇ ಬರೆಯಬೇಕೆಂದು ಫಾರ್ಮಿನಲ್ಲಿತ್ತಂತೆ. ಮೇಡಂ ಓದಿದರು:

"ಅಭ್ಯರ್ಥಿ ಬಹಳ ಪ್ರಾಮಾಣಿಕರು, ವಿನಯವಂತರು. ಆದರೆ ಬಳಚು ಕಡಿಮೆಯಾಗಿದೆ ಎಂಬುದು ನಮ್ಮ ಅನುಭವಕ್ಕೆ ಬಂದಿಲ್ಲ. ಇಂದು ಒಂದೇ ದಿನ ನಮ್ಮ ಮೂವರ ಮನೆಗೂ ಅದು ಧಾರಾಳವಾಗಿ ಬಂದಿದ್ದು, ರುಚಿಯಲ್ಲೂ ವ್ಯತ್ಯಾಸವಿಲ್ಲ. ಈ ಅಧ್ಯಯನದ ಅಗತ್ಯ ಕಾಣುವುದಿಲ್ಲ."

ಓದಿ ಮುಗಿಸಿದ ಮೇಡಂ ತಾವೇ ಸಮಾಧಾನ ಹೇಳಿದರು:

"ಬೇಜಾರು ಮಾಡ್ಕೋಬೇಡ ಬಾಬಾ. ಸಹಿ ಹಾಕಿ ಸುಳ್ಳು ಬರಿಯೂಕೆ ಆಗೂದಿಲ್ಲಲ್ಲ. ಬೇರೆ ವಿಷಯ ತಕಂಡು ಬಾ, ನಾವೇ ಕೂತು ಬರ್ಸಿಕೊಡ್ತೇವೆ." ಅವರ ದನಿಯಲ್ಲಿ ನಿಜಕ್ಕೂ ಮರುಕವಿತ್ತು.

ಅವನು ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಸೋಮಿ ಖಾಲಿ ಬಕೆಟ್ಟು ನೋಡಿ, ಪರೀಕ್ಷೆ ಏನಾಯಿತೆಂದು ಕೇಳಿದಳು.

"ದೊಡ್ಡ್ ದೊಡ್ಡ್ ಪ್ರೊಫೆಸರ್ರೆಲ್ಲಾ ತಿಂದ್ರು ಅಬ್ಬೆ. ಭಾಳ ಚಲೋ ಇತ್ತಂತೆ" ಎಂದ.

ಸೋಮಿಯ ಮುಖ ಅರಳಿತು. ನಲವತ್ತು ವರ್ಷದಲ್ಲಿ ಅವಳ ಬಳಚಿನ ಬಗ್ಗೆ ಅಷ್ಟು ಓದಿದವರು ಯಾರೂ ಹೀಗೆ ಹೇಳಿರಲಿಲ್ಲ. ಅವಳು ಸೊಂಟ ಹಿಡಿದುಕೊಂಡು ಎದ್ದಳು, ಜಗಲಿಯ ಗೂಟದಿಂದ ಬುಟ್ಟಿ ಇಳಿಸಿದಳು.

"ಹಂಗಾರೆ ನಾಳಿಂದ ಮತ್ ಮೂರ್ ದಿವ್ಸ ಹೋತೆ" ಎಂದಳು. "ಪಾಪ, ಮೂರ್ ಮನೆಗೆ ಅರವತ್ತು ಎಲ್ಲಿ ಸಾಕಾತದೆ."