ದಪ್ಪ ಲಕೋಟೆ ಮರಳಿ ಬರುವ ಕುರಿತು

ಇಂದ:
ಗೋವಿಂದಪ್ಪ, ಕೈಮಗ್ಗದ ನೇಕಾರ, ಇಳಕಲ್ಲ

ಗೆ:
ಮಾನ್ಯ ಮ್ಯಾನೇಜರ್ ಸಾಹೇಬರು, ನಮ್ಮ ಓಣಿಯ ಬ್ಯಾಂಕು

ವಿಷಯ: ಕಾಗದದ ಸ್ಟೇಟ್‌ಮೆಂಟಿಗೆ ಶುಲ್ಕ ಹಾಕಿದ್ದರಿಂದ ನನ್ನ ಮಗ್ಗ ನಿಂತ ಬಗ್ಗೆ

ಉಲ್ಲೇಖ: ೧) ತಮ್ಮ ಬಾಗಿಲಿಗೆ ಅಂಟಿಸಿದ 2009ರ ಸೂಚನೆ
೨) ಜಲಾಲುದ್ದೀನನ ನಗು

ಮಾನ್ಯರೇ,

ಸಮಸ್ತರಿಗೂ ಈ ಮೂಲಕ ಪ್ರಕಟಪಡಿಸುವುದೇನೆಂದರೆ, ಈ ತಿಂಗಳು ನಮ್ಮ ಮನೆಗೆ ಲಕೋಟೆ ಬರಲಿಲ್ಲ.

೧. ಸದರಿ ಲಕೋಟೆಯು ದಪ್ಪವಾಗಿರುತ್ತಿತ್ತು. ಒಳಗೆ ನನ್ನ ಲೆಕ್ಕ ಒಂದು ಹಾಳೆ, ಕಾರು ಕೊಳ್ಳಲು ತಾವು ಕೊಡುವ ಸಾಲದ ಜಾಹೀರಾತು ಆರು ಹಾಳೆ. ಅಂಚೆಯವನು ಅದನ್ನು ಕಟ್ಟೆಯ ಮೇಲೆ ಎಲ್ಲರೆದುರು ಕೊಡುತ್ತಿದ್ದ. ದಪ್ಪ ನೋಡಿ ರೇಷ್ಮೆ ನೂಲಿನ ವ್ಯಾಪಾರಿ ಜಲಾಲುದ್ದೀನ ನನಗೆ ನೂಲು ಉದ್ರಿ ಕೊಡುತ್ತಿದ್ದ. ಸೀರೆ ಮಾರಿದ ಮೇಲೆ ನಾನು ತೀರಿಸುತ್ತಿದ್ದೆ. ಹೀಗೆ ತಮ್ಮ ಕಾರಿನ ಮೇಲೆ ನನ್ನ ಮಗ್ಗ ಓಡುತ್ತಿತ್ತು.

೨. ಕಾಗದ ಬೇಕಾದರೆ ತಿಂಗಳಿಗೆ ಐವತ್ತು ರೂಪಾಯಿ ಎಂದು ತಾವು ಸೂಚನೆ ಹಚ್ಚಿದಿರಿ. ನನ್ನ ವರ್ಷದ ಬಡ್ಡಿಯೂ ಅಷ್ಟಾಗುವುದಿಲ್ಲ. ಆದ್ದರಿಂದ ಇ-ಮೇಲ್ ಒಪ್ಪಿಕೊಂಡೆ. ಇ-ಮೇಲ್ ನನ್ನನ್ನು ಒಪ್ಪಿಕೊಳ್ಳದ ಕಾರಣ, ಸೈಬರ್ ಅಂಗಡಿಯ ಸಿದ್ದಾರ್ಥ ಓಣಿಯವರ ಸ್ಟೇಟ್‌ಮೆಂಟುಗಳನ್ನೆಲ್ಲ ತೆಗೆದು ಒಂದೇ ಕಂಪ್ಯೂಟರಿನಲ್ಲಿ ಸಾಲಾಗಿ ಇಟ್ಟ. ಚಿಂತೆ ಇಲ್ಲ, ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಇದೆ, ಅವರವರ ಜನ್ಮದಿನಾಂಕವೇ ಪಾಸ್‌ವರ್ಡ್, ಎಂದು ತಾವೇ ಹೇಳಿದ್ದಿರಿ.

೩. ತಮಗೆ ಗೊತ್ತಿಲ್ಲದ ಸಂಗತಿ: ನಮ್ಮ ಸಾಲೆಯ ಹೆಡ್‌ಮಾಸ್ತರರು, ಜೂನಿನಲ್ಲಿ ಸಾಲೆ ಸುರುವಾಗುವುದರಿಂದ, ಹೆಸರು ಹಚ್ಚಲು ಬಂದ ಎಲ್ಲ ಮಕ್ಕಳನ್ನೂ ಜೂನ್ ಒಂದಕ್ಕೆ ಹುಟ್ಟಿಸಿದ್ದಾರೆ. ನಮ್ಮ ಇಡೀ ವರ್ಗ 1-6-1958. ಜಲಾಲುದ್ದೀನ ನನ್ನ ವರ್ಗದವನು.

೪. ಆದ ಕಾರಣ ಅವನು ತನ್ನದೆಂದು ತಿಳಿದು ನನ್ನದನ್ನು ಒತ್ತಿ ತನ್ನ ಜನ್ಮದಿನಾಂಕ ಹಾಕಿದಾಗ, ಅದು ಸಂಕೋಚವಿಲ್ಲದೆ ತೆರೆದುಕೊಂಡಿತು. ನನ್ನ ಖಾತೆಯಲ್ಲಿದ್ದ ರೊಕ್ಕ ನೋಡಿ ಅವನು ನಕ್ಕ.

"ಲೇ ಗೋವಿಂದ್ಯಾ, ಅಷ್ಟ ದಪ್ಪ ಲಕೋಟಿ ಬರ್ತಿತ್ತಲ್ಲೋ, ಒಳಗ ಏನಿರ್ತಿತ್ತಲೇ?"

"ಕಾರಿನ ಜಾಹೀರಾತ."

"ಹಂಗಾರ ಕಾರಿನ್ಯಾಗ ಬಾ, ನೂಲು ಕೊಡ್ತೇನಿ. ನಡಕೊಂತ ಬಂದ್ರ ಮೊದ್ಲ ರೊಕ್ಕ."

ಅಂದಿನಿಂದ ಮಗ್ಗ ಖಾಲಿ. ಮದುವೆ ಸೀರೆಗಳ ಹಂಗಾಮು ನಡೆದಿದೆ. ನನ್ನ ಹೆಂಡತಿ ಮಹಾನಂದಾ ಮಗ್ಗದ ಮೇಲೆ ಹಪ್ಪಳ ಒಣಗಿಸುತ್ತಿದ್ದಾಳೆ.

೫. ತಮ್ಮ ಕೌಂಟರಿನ ಪ್ರಿಯದರ್ಶಿನಿ ಮೇಡಂ ದಾರಿ ತೋರಿಸಿದರು. "ಪಾಸ್‌ವರ್ಡ್ ಬದ್ಲಾಗಬೇಕಂದ್ರ ಹುಟ್ಟಿದ ತಾರೀಖ ಬದ್ಲಾಗಬೇಕ್ರಿ. ಖರೆ ತಾರೀಖಿಗೆ ದಾಖಲೆ ತರ್ರಿ, ತಿದ್ದಿ ಕೊಡ್ತೇನಿ." ಆಹಾ, ಇಡೀ ವರ್ಗದಲ್ಲಿ ನನಗೊಬ್ಬನಿಗೇ ಸ್ವಂತ ಜನ್ಮದಿನ, ಸ್ವಂತ ಬೀಗ. ಮುಂದೆ ಯಾವ ವ್ಯಾಪಾರಿಯೂ ನನ್ನ ಬಡತನ ತೆರೆಯಲಾರ.

೬. ತಾಯಿ ದುರ್ಗವ್ವನನ್ನು ಕೇಳಿದೆ. "ಕಾರ ಹುಣ್ವಿ ದಿನ ಹುಟ್ಟೀಯಪಾ. ಓಣ್ಯಾಗ ಎತ್ತು ಓಡಿ ಬಂದು ಕರಿ ಹಗ್ಗ ಹರ್ಯಾಕತ್ತಿದ್ವು, ಇಲ್ಲಿ ನೀ ಒದರಾಕತ್ತಿದ್ದಿ. ನಿನ್ನ ದನಿನ ಜೋರಿತ್ತು." ಸಂವತ್ಸರ ವಿಳಂಬಿ, ಅದನ್ನು ನಾನು ಇಂದಿಗೂ ಪಾಲಿಸುತ್ತಿದ್ದೇನೆ. ಬಸ್ಸು ಹಿಡಿದು ಬಾದಾಮಿಗೆ ಹೋಗಿ, ಪರಿಚಯದ ಅರ್ಚಕರ ಮನೆಯಲ್ಲಿ ಆ ವರ್ಷದ ಪಂಚಾಂಗ ತೆಗೆಸಿದೆ. ಅರ್ಚಕರು ಕಾರ ಹುಣ್ಣಿಮೆಯ ಮೇಲೆ ಬೆರಳಿಟ್ಟು ಪಕ್ಕದ ತಾರೀಖು ಓದಿದರು.

ಜೂನ್ ಒಂದು.

ಇಡೀ ವರ್ಗದಲ್ಲಿ ಮಾಸ್ತರರು ಬರೆದ ಏಕೈಕ ಸತ್ಯ ನಾನು.

೭. ಆದರೂ ಪಂಚಾಂಗದ ಪ್ರತಿ ಹಿಡಿದು ಮೇಡಂ ಅವರಲ್ಲಿಗೆ ಹೋದೆ. "ತಪ್ಪಿದ್ರ ತಿದ್ದಾಕ ಫಾರ್ಮ್ ಐತ್ರಿ," ಎಂದರು. "ಖರೆ ಇದ್ದದ್ದನ್ನ ತಿದ್ದಾಕ ನಮ್ಮಲ್ಲಿ ಫಾರ್ಮ್ ಇಲ್ರಿ."

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ತಾವು ಶುಲ್ಕ ಹಾಕಿದ್ದು ಸ್ಟೇಟ್‌ಮೆಂಟಿಗೇ ಹೊರತು ಜಾಹೀರಾತಿಗಲ್ಲವಾದ್ದರಿಂದ, ನನ್ನ ಲೆಕ್ಕದ ಹಾಳೆಯನ್ನು ತೆಗೆದಿಟ್ಟುಕೊಂಡು, ಕಾರಿನ ಆರು ಹಾಳೆಗಳನ್ನು ಮಾತ್ರ ಲಕೋಟೆಯಲ್ಲಿ ಹಾಕಿ ಕಳಿಸಬೇಕಾಗಿ ವಿನಂತಿ. ಹುನಗುಂದದ ನೂಲಿನ ವ್ಯಾಪಾರಿ ಬಾಬುಸಾಬರು ಬರುವ ಸೋಮವಾರ ನಮ್ಮ ಕಟ್ಟೆಗೆ ಬರುವವರಿದ್ದಾರೆ. ಅವರು ನಮ್ಮ ಸಾಲೆಯವರಲ್ಲ.

ತಮ್ಮ ವಿಶ್ವಾಸಿ (ಉದ್ರಿಯಲ್ಲಿ),
ಗೋವಿಂದಪ್ಪ

ಅಡಕ: ೧) ಹಳೆಯ ಲಕೋಟೆ ಒಂದು, ದಪ್ಪದ ಮಾದರಿಗಾಗಿ
೨) ಪಂಚಾಂಗದ ಪ್ರತಿ
೩) ಹಪ್ಪಳ ನಾಲ್ಕು, ಮಗ್ಗದ ಮೇಲೆ ತಯಾರಾದವು

ವಿ.ಸೂ.: ಈ ಅರ್ಜಿಗೆ ಉತ್ತರವನ್ನು ದಯವಿಟ್ಟು ಇ-ಮೇಲಿನಲ್ಲಿ ಕೊಡಬಾರದು. ಕೊಡಲೇಬೇಕೆಂದಿದ್ದರೆ, ಜಲಾಲುದ್ದೀನ ಓದಿ ಹೇಳುವವರೆಗೆ ನನಗೆ ಕಾಲಾವಕಾಶ ನೀಡಬೇಕು.