ಮಡಕೆ ಹೊತ್ತ ತಾರಸಿ

ದೆಹಲಿ ಕಡೆ ಮನೆ ಕಟ್ಟುವವನಿಗೆ ಸಲಹೆ ಪುಕ್ಕಟೆ, ನಗೆಪಾಟಲು ಅದರ ಮೇಲಿನ ಕೊಸರು. ನಾನು ಸರ್ಕಾರಿ ಗುಮಾಸ್ತ. ದೆಹಲಿಯ ಲಕ್ಷ್ಮೀ ನಗರದ ಬಾಡಿಗೆ ಮನೆಯ ಕೊನೇ ಮಹಡಿಯಲ್ಲಿ ವರ್ಷಗಟ್ಟಲೆ ಹಪ್ಪಳದ ಹಾಗೆ ಸುಟ್ಟುಕೊಂಡು, ಎರಡು ಸಾವಿರದ ನಾಲ್ಕರಲ್ಲಿ ಘಾಜಿಯಾಬಾದಿನಲ್ಲಿ ಸೈಟು ಕೊಂಡೆ. ಆಸುಪಾಸಿನಲ್ಲಿ ಸಿಗುವ ಸಾಮಾನಿನಲ್ಲೇ ತಂಪಾದ ಮನೆ ಕಟ್ಟುತ್ತೇನೆಂದು ಹೆಂಡತಿಗೆ ಮಾತು ಕೊಟ್ಟೆ.

"ಜೂನ್ ತಿಂಗಳು ನೋಡ್ತೀನಿ. ಸೆಖೆ ಆಯ್ತೋ, ಟ್ರಂಕ್ ಸಮೇತ ಲಕ್ಷ್ಮೀ ನಗರಕ್ಕೆ ವಾಪಸ್," ಎಂದಳು. ಹೇಳಿದ್ದನ್ನು ಮಾಡುವವಳೇ.

೧. ಭಟ್ಟಿಯಲ್ಲಿ ಕೊಸರು

ಊರಾಚೆಯ ಇಟ್ಟಿಗೆ ಭಟ್ಟಿಗೆ ಇಬ್ಬರೂ ಹೋದೆವು. ಇವಳು ಒಂದೊಂದೇ ಇಟ್ಟಿಗೆ ಎತ್ತಿ, ತಟ್ಟಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸತೊಡಗಿದಳು. ತೆಂಗಿನಕಾಯಿ ಆರಿಸಿ ಬಂದ ಅಭ್ಯಾಸ.

"ಬೆಹನ್‌ಜೀ, ಒಳಗೆ ನೀರಿರಲ್ಲ," ಎಂದ ಭಟ್ಟಿಯ ಮಾಲೀಕ.

ಲೋಡು ತುಂಬಿದ ಮೇಲೆ, "ಭಯ್ಯಾ, ಥೋಡಾ ಊಪರ್ ಸೇ ಡಾಲೋ," ಎಂದು ಕೊಸರು ಕೇಳಿದಳು. ಇದು ತರಕಾರಿಯಲ್ಲ ಎಂದನಾತ. "ತರಕಾರಿಯವನೇ ಕೊತ್ತಂಬರಿ ಕೊಡ್ತಾನೆ. ನೀವು ಇಷ್ಟು ದೊಡ್ಡ ವ್ಯಾಪಾರಸ್ಥರು," ಎಂದಳು ಇವಳು. ಆತ ಸುಸ್ತಾಗಿ ಮೇಲೊಂದಿಷ್ಟು ಇಟ್ಟಿಗೆ ಹಾಕಿಸಿದ. ಇವತ್ತಿಗೂ ನಮ್ಮ ತುಳಸಿಕಟ್ಟೆ ಪೂರ್ತಿ ಕೊಸರಿನದು.

೨. ಯಾರ ಮದುವೆ?

ತಾರಸಿಯ ಮೇಲೆ ಮಡಕೆ ಬೋರಲು ಹಾಕಿ, ಮೇಲೆ ಗಾರೆ ಬಳಿದರೆ ಬಿಸಿಲು ಕೆಳಗಿಳಿಯದು. ಇದು ನನ್ನ ಯೋಜನೆ. ಹತ್ತಿರದ ಕುಂಬಾರರ ಕೇರಿಯಿಂದ ಟೆಂಪೋ ತುಂಬ ಮಡಕೆ ಬಂದವು. ಇಲ್ಲಿ ಅಷ್ಟು ಮಡಕೆ ಬರುವುದು ಮದುವೆ ಮನೆಗೇ. ವಿದೇಶಿ ಮಾರ್ಬಲ್ಲು, ಗಾಜಿನ ಗೋಡೆ ಹಾಕಿಸಿದ್ದ ಎದುರುಮನೆಯ ಯಜಮಾನರು ಓಡಿಬಂದು ಕೈ ಕುಲುಕಿದರು.

"ಮುಬಾರಕ್. ಶಾದಿ ಯಾರದು?"

ಮನೆಯಲ್ಲಿ ಮದುವೆಗಿದ್ದವಳು ಮೂರನೇ ಕ್ಲಾಸಿನ ಮಗಳೊಬ್ಬಳೇ. ಮಡಕೆ ತಾರಸಿಗೆ ಎಂದರೆ ಅವರು ನಂಬಲಿಲ್ಲ. "ಕರೆಯೋ ಮನಸ್ಸಿಲ್ಲ ಅಂದ್ರೆ ನೇರ ಹೇಳಿ," ಎಂದು ಮುಖ ಊದಿಸಿಕೊಂಡು ಹೋದರು. ಮಗಳು ಮಾತ್ರ ಕೈ ಜಗ್ಗಿ ಕೇಳಿದಳು, "ಪಪ್ಪಾ, ಮೇರೀ ಶಾದಿಲಿ ಐಸ್‌ಕ್ರೀಮ್ ಇರತ್ತಾ?"

೩. ದಿಬ್ಬಣ

ಹೊಸ ಮನೆಗೆ ಬಂದೆವು. ಜೂನೂ ಬಂತು. ಹೆಂಡತಿ ಟ್ರಂಕಿನ ಬೀಗ ಇನ್ನೂ ತೆಗೆದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆಯೇ ಕರೆಂಟು ಹೋಗಿ, ಹೊರಗೆ ಬೆಂಕಿಯಂಥ ಲೂ ಗಾಳಿ ಎದ್ದಿತು. ನನಗೆ ನಿಜಕ್ಕೂ ಭಯವಾಯಿತು.

ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ನೋಡಿದರೆ ಎದುರುಮನೆಯವರು. ಕಂಕುಳಲ್ಲಿ ದಿಂಬು, ಹಿಂದೆ ಸಂಸಾರ.

"ನಮ್ಮ ಗಾಜು ಮುಟ್ಟೋಕಾಗ್ತಿಲ್ಲ. ನಿಮ್ಮನೆ ತಂಪಂತೆ, ನಿಮ್ಮ ಮಗಳು ಗಲ್ಲಿಗೆಲ್ಲ ಹೇಳಿದ್ದಾಳೆ." ಒಳಗೆ ಬಂದು ಕಲ್ಲಿನ ನೆಲದ ಮೇಲೆ ಕಾಲು ಚಾಚಿ ನಿಟ್ಟುಸಿರು ಬಿಟ್ಟರು. "ಮದುವೆಗಂತೂ ಕರೀಲಿಲ್ಲ. ಚಲೋ, ದಿಬ್ಬಣ ನಾವೇ ತಂದ್ವಿ."

ಅವರ ಹಿಂದೆಯೇ ಪಕ್ಕದ ಎರಡು ಮನೆಯವರೂ ಬಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಮಡಕೆಯ ಮಹಿಮೆಯ ಮೇಲೆ ಭಾಷಣ ಶುರು ಮಾಡಿದೆ.

ಅಷ್ಟು ಜನಕ್ಕೆ ಹಾಸಲು ಬಟ್ಟೆ ಸಾಲಲಿಲ್ಲ. ಹೆಂಡತಿ ಸೊಂಟದಿಂದ ಬೀಗದಕೈ ತೆಗೆದು, ಟ್ರಂಕು ಬಿಚ್ಚಿ, ಚಾದರಗಳನ್ನೆಲ್ಲ ಹೊರಗೆ ಹಾಕಿದಳು. ಗೆದ್ದೆನಲ್ಲ ಎಂದು ನಾನು ನಗುತ್ತ ನಿಂತೆ.

"ಅಷ್ಟೊಂದು ಹಲ್ಲು ಕಿರೀಬೇಡಿ," ಎಂದಳು ಚಾದರ ಕೊಡವುತ್ತ. "ಮನೆ ತಂಪಾಗಿರೋದು ನನ್ನ ಇಟ್ಟಿಗೆಯಿಂದ. ಒಂದೊಂದನ್ನೂ ತಟ್ಟಿ ತಂದಿದ್ದೀನಿ."