ಎಣ್ಣೆ ಚೀಲದ ನರ್ಸಮ್ಮ

ಎಣ್ಣೆ ಬಾಟಲಿ ಮತ್ತು ನಾಲ್ಕು ಟವೆಲು ಚೀಲಕ್ಕೆ ತುಂಬಿಕೊಂಡು ನಾನು ಯಾರ ಮನೆ ಬಾಗಿಲಲ್ಲಿ ನಿಂತರೂ ಏನಾದರೊಂದು ಆಗದೇ ಇರುವುದಿಲ್ಲ. ಮೊದಮೊದಲು ಇದೆಲ್ಲ ನನ್ನ ಗ್ರಹಚಾರ ಅಂದುಕೊಂಡಿದ್ದೆ. ಈಗ ಮೂರು ವರ್ಷದ ಮೇಲೆ ಮಸಾಜ್ ಅನ್ನುವ ಶಬ್ದಕ್ಕೇ ಗ್ರಹಚಾರ ಅಂಟಿಕೊಂಡಿದೆ ಅಂತ ಗೊತ್ತಾಗಿದೆ.

ನಮ್ಮ ಮನೆ ಅವರ್ಸಾದಲ್ಲಿ. ಒಂದು ಆಯುರ್ವೇದ ಚಿಕಿತ್ಸಾಲಯದಲ್ಲಿ ವರ್ಷ ನಿಂತು ಮೈ ತಿಕ್ಕುವ ಕೆಲಸ ಕಲಿತೆ, ಸರ್ಟಿಫಿಕೇಟೂ ಸಿಕ್ಕಿತು. ಕಾರವಾರ, ಅಂಕೋಲಾ ಎರಡೂ ಕಡೆ ಫೋನ್ ಮಾಡಿ ಕರೆದವರ ಮನೆಗೆ ಹೋಗುತ್ತೇನೆ. ಹೆಂಗಸರಿಗೆ ಮಾತ್ರ. ನಮ್ಮ ಕಡೆ ಎಣ್ಣೆ ತಿಕ್ಕಿಸಿಕೊಳ್ಳುವುದು ಹೊಸತೇನಲ್ಲ, ಆದರೆ ಅದಕ್ಕೆ ಮೊದಲು ಹೆರಬೇಕು. ಬಾಣಂತಿಗೆ ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದು ಮೀಯಿಸುವ ಅಜ್ಜಿಯರಿಗೆ ಊರಲ್ಲಿ ಎಲ್ಲಿಲ್ಲದ ಮರ್ಯಾದೆ. ಹೆರದವಳು ಮೈ ತಿಕ್ಕಿಸಿಕೊಂಡರೆ ಅದು ಶೋಕಿ. ಮನೆಮನೆಗೆ ಹೋಗಿ ತಿಕ್ಕುವ ನನ್ನಂಥವಳ ಬಗ್ಗೆಯಂತೂ ಕೇಳುವುದೇ ಬೇಡ.

ಅದಕ್ಕೇ ಅತ್ತೆ ಮೊದಲ ದಿನವೇ ಶರತ್ತು ಹಾಕಿದ್ದರು.

"ಊರಲ್ಲಿ ಯಾರು ಕೇಳಿದ್ರೂ ನೀ ದವಾಖಾನೆಲಿ ನರ್ಸು ಅಂತ ಹೇಳ್ತೆ ನಾನು. ಮಸಾಜು ಗಿಸಾಜು ಅಂತ ಒಂದೇ ಒಂದು ಮಾತು ನನ್ನ ಕಿವಿಗೆ ಬಿತ್ತೋ, ಅವತ್ತೇ ನಿನ್ನ ಸ್ಕೂಟರು ಕೊಟ್ಟಿಗೆಗೆ."

ನಾನು ತಲೆಯಾಡಿಸಿದೆ. ಈ ಕೆಲಸ ನನಗೆ ಇಷ್ಟ. ಸೊಂಟ ಹಿಡಿದುಕೊಂಡು ಬಂದವಳು ನೆಟ್ಟಗೆ ಎದ್ದು ನಿಲ್ಲುವುದನ್ನು ನೋಡುವ ಖುಷಿ ಬಿಟ್ಟು ಮನೆಯಲ್ಲಿ ಕೂರುವುದು ನನ್ನಿಂದಾಗದು. ಅಂದಿನಿಂದ ಗಿರಾಕಿಗಳು ನನ್ನನ್ನು ಅನುಮಾನಿಸುವುದು, ನಾನು ಗಿರಾಕಿಗಳನ್ನು ಅನುಮಾನಿಸುವುದು, ಇಬ್ಬರನ್ನೂ ಅತ್ತೆ ಅನುಮಾನಿಸುವುದು ನಡೆದೇ ಇದೆ.

೧. ಹೆಂಗಸೇ ಹೌದಾ?

ಹೊಸ ನಂಬರಿನಿಂದ ಫೋನ್ ಬಂದರೆ ನಾನು ಮೊದಲು ಕೇಳುವುದು, ಮನೆಯಲ್ಲಿ ಯಾರ್‍ಯಾರು ಇದ್ದೀರಿ ಅಂತ. ಗಂಡಸಿನ ದನಿಯಾದರೆ ಹೆಂಡತಿಗೆ ಕೊಡಿ ಅನ್ನುತ್ತೇನೆ. ಅರ್ಧದಷ್ಟು ಫೋನುಗಳು ಅಲ್ಲೇ ಕಟ್ಟಾಗುತ್ತವೆ. ಹೋಗುವ ಮನೆಯ ದಾರಿಯನ್ನು ಗಂಡನ ಮೊಬೈಲಿಗೆ ಕಳಿಸದೆ ನಾನು ಸ್ಕೂಟರಿನ ಕೀಲಿ ತಿರುಗಿಸಿದವಳಲ್ಲ.

ಆದರೆ ಒಮ್ಮೆ ಕಾರವಾರದ ಕೋಡಿಬಾಗದಿಂದ ಫೋನ್ ಮಾಡಿದಾಕೆ ಅನುಮಾನದಲ್ಲಿ ನನ್ನನ್ನೂ ಮೀರಿಸಿದಳು. ಪಿಸುದನಿಯಲ್ಲಿ ಕೇಳಿದಳು, "ನೀವು ಹೆಂಗಸೇ ಹೌದಾ?"

"ಹೌದು."

"ಫೋನಲ್ಲಿ ಹೇಳೂಕೆ ಯಾರಾದ್ರೂ ಹೇಳ್ತ್ರು."

"ನನ್ನ ದನಿ ಕೇಳೂದಿಲ್ವೇ ನಿಮಗೆ?"

"ಕೇಳ್ತದೆ. ನಮ್ಮ ಭಾವನ ದನಿಯೂ ಹೀಗೇ ಉಂಟು."

ಕೊನೆಗೆ ವಿಡಿಯೊ ಕಾಲ್ ಮಾಡಿಸಿದಳು. ಅಡುಗೆಮನೆಯಲ್ಲಿ ನಿಂತು ಮುಖ ತೋರಿಸಿದೆ, ಬಳೆ ತೋರಿಸಿದೆ. ಅವಳ ಕಣ್ಣು ನನ್ನ ಬೆನ್ನ ಹಿಂದೆ. "ಅಲ್ಲಿ ಸೊಂಟಕ್ಕೆ ಕೈ ಇಟ್ಕಂಡು ನಿಂತದ್ದು ಯಾರು?"

"ನಮ್ಮ ಅತ್ತೆ."

"ನಿಮ್ಮನ್ನೇ ದುರುಗುಟ್ಟಿ ನೋಡ್ತಾ ಇದ್ರು?"

"ಯಾವಾಗ್ಲೂ ಹಾಗೇ."

"ಹಾಗಾದ್ರೆ ಅಡ್ಡಿಲ್ಲ, ನಾಳೆ ಬನ್ನಿ," ಅಂದಳು. ನನ್ನ ಸರ್ಟಿಫಿಕೇಟು ಮಾಡದ ಕೆಲಸವನ್ನು ಅತ್ತೆಯ ಮುಖ ಮಾಡಿಕೊಟ್ಟಿತು.

೨. ಸರ

ಮರುದಿನ ಕೋಡಿಬಾಗಕ್ಕೆ ಹೋದರೆ ಕಾವಲಿಗೆ ಅವಳ ಅಕ್ಕ ಬಂದಿದ್ದರು. ಮಂಚದ ಪಕ್ಕದಲ್ಲೇ ಮೆಟ್ಟುಕತ್ತಿ, ಅಂದರೆ ಈಳಿಗೆಮಣೆ, ಇಟ್ಟುಕೊಂಡು ಕೂತು ಬಂಗಡೆ ಹೆಚ್ಚುತ್ತಿದ್ದರು. ಮೀನು ಹೆಚ್ಚಲು ಇಡೀ ಮನೆಯಲ್ಲಿ ಬೇರೆ ಜಾಗ ಇರಲಿಲ್ಲವೇ ಅಂತ ನಾನು ಕೇಳಲಿಲ್ಲ. ನನ್ನ ಕೈ ತಂಗಿಯ ಕುತ್ತಿಗೆಯ ಹತ್ತಿರ ಹೋದಾಗಲೆಲ್ಲ ಒಂದು ಬಂಗಡೆಯ ತಲೆ ಕಚಕ್ ಅಂತ ಹಾರುತ್ತಿತ್ತು.

ಹಾಗೂ ಹೀಗೂ ಮುಗಿಯಿತು. ಟವೆಲು ಮಡಚಿ ಚೀಲ ಹೆಗಲಿಗೇರಿಸಿದೆ. ಅಷ್ಟರಲ್ಲಿ ತಂಗಿ ಕುತ್ತಿಗೆ ಮುಟ್ಟಿಕೊಂಡು ಕೂಗಿದಳು, "ನನ್ನ ಸರ!"

ನಾನು ಎಣ್ಣೆ ಬಿಸಿ ಮಾಡಲು ಅಡುಗೆಮನೆಗೆ ಹೋದಾಗ ಅವಳು ನನ್ನ ಕಣ್ಣಿಗೆ ಬೀಳದ ಹಾಗೆ ಸರ ತೆಗೆದು ಅಡಗಿಸಿಟ್ಟಿದ್ದಳು. ಎಲ್ಲಿ ಅಂತ ಈಗ ಅವಳಿಗೇ ನೆನಪಿಲ್ಲ. ಅಕ್ಕಿ ಡಬ್ಬ ಸುರುವಿದರು, ದಿಂಬಿನ ಚೀಲ ಕಳಚಿದರು. ಅಕ್ಕ ಮೀನಿನ ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತು, "ನಿನ್ನ ಚೀಲ ಬಿಚ್ಚು," ಅಂದರು.

ಬಿಚ್ಚಿದೆ. ಮೂರು ಟವೆಲು ಕೊಡವಿದೆ. ನಾಲ್ಕನೆಯದರಿಂದ ಸರ ಉದುರಿತು.

ಆ ಕ್ಷಣ ನನಗೆ ಪೊಲೀಸರ ನೆನಪಾಗಲಿಲ್ಲ, ಕೊಟ್ಟಿಗೆಯಲ್ಲಿ ದನದ ಪಕ್ಕ ನಿಂತ ನನ್ನ ಸ್ಕೂಟರು ಕಣ್ಣಿಗೆ ಕಟ್ಟಿತು. ಆಗ ತಂಗಿ ಹಣೆ ಚಚ್ಚಿಕೊಂಡಳು. "ಅಯ್ಯೋ ದೇವ್ರೇ, ನಾನೇ ಅದರೊಳಗೆ ಇಟ್ಟದ್ದು ಅಕ್ಕಾ! ಮಂಚದ ಮೇಲೆ ಮಡಚಿ ಇಟ್ಟಿತ್ತು, ನಮ್ಮನೆ ಟವೆಲು ಅಂದ್ಕಂಡೆ."

ಅಕ್ಕನ ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚು ಕಂಡಿತು. ಮುಂದಿನ ವಾರ ಹೋದಾಗ ತಂಗಿ ಬಾಗಿಲಲ್ಲೇ ಸರ ತೆಗೆದು ನನ್ನ ಕೈಗಿಟ್ಟಳು. "ನಿಮ್ಮ ಚೀಲದಲ್ಲೇ ಇಟ್ಕಳಿ. ನಾ ಇಟ್ರೆ ಮರೆತು ಹೋಗ್ತದೆ."

೩. ಗೊರಕೆ

ಬುಕ್ ಮಾಡಿದವರಿಗೆಲ್ಲ ನಾನು ಫೋನಿನಲ್ಲೇ ತಯಾರಿ ಹೇಳಿಬಿಡುತ್ತೇನೆ. ಎರಡು ತಾಸು ಮೊದಲು ಊಟ ಮುಗಿಸಿರಬೇಕು. ಹಳೆಯ ಚಾದರ, ಬಿಸಿನೀರು ರೆಡಿ ಇರಬೇಕು. ಮೈಯಲ್ಲಿ ಬೇರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಬೇಕು. ಇಷ್ಟೇ.

ಕಾರವಾರದ ಹತ್ತಿರ ಶಿರವಾಡದಲ್ಲಿ ರಿಟೈರಾದ ಒಬ್ಬರು ಅಕ್ಕೋರು, ಅಂದರೆ ಶಾಲೆ ಟೀಚರು. ಅವರ ಗಂಡ ಇದನ್ನೆಲ್ಲ ಹಾಳೆಯ ಮೇಲೆ ಬರೆದುಕೊಂಡು, ಓದಿ ಓದಿ ಹೆದರಿ, ಹೆಂಡತಿಯನ್ನು ಹಿಂದಿನ ರಾತ್ರಿಯಿಂದಲೇ ಉಪವಾಸ ಕೆಡವಿದ್ದರು. ನಾನು ಹೋದಾಗ ಮೇಜಿನ ಮೇಲೆ ಅಕ್ಕೋರ ಹಳೆಯ ಎಕ್ಸ್‌ರೇ ಇತ್ತು, ರಕ್ತದ ಗುಂಪು ಬರೆದ ಚೀಟಿ ಇತ್ತು, ಪಕ್ಕದ ಮನೆಯ ಇಬ್ಬರು ಗಂಡಸರು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಗಂಡ ನನ್ನ ಆಧಾರ್ ಕಾರ್ಡು ನೋಡಿದರು. ಸ್ಕೂಟರಿನ ಕೀಲಿ ಇಸಿದುಕೊಂಡರು. ಬಾಟಲಿ ಮೂಸಿ, ಎಣ್ಣೆಯನ್ನು ಮೊದಲು ನನ್ನ ಕೈಗೇ ಹಚ್ಚಿಸಿ ಐದು ನಿಮಿಷ ಕಾದರು.

"ಈಗಿನ ಕಾಲದಲ್ಲಿ ಎಂತೆಂಥ ಮದ್ದು ಬೆರೆಸ್ತ್ರು ಹೇಳೂಕೆ ಬರೂದಿಲ್ಲ. ಮೂಸಿದ್ರೆ ಸಾಕು, ಎಚ್ಚರ ತಪ್ತದೆ. ಪೇಪರಲ್ಲಿ ಬಂದಿತ್ತು," ಅಂದರು.

ಬಾಗಿಲು ಮುಂದೆ ಮಾಡಿಕೊಂಡು ಕೆಲಸ ಶುರು ಮಾಡಿದೆ. ಐದು ನಿಮಿಷಕ್ಕೊಮ್ಮೆ ಹೊರಗಿನಿಂದ "ಇದ್ದೀಯೇನೇ?" ಅನ್ನುವ ಕೂಗು. ಒಳಗಿನಿಂದ ಅಕ್ಕೋರು "ಇದ್ದೆ" ಅನ್ನಬೇಕು. ನಾಲ್ಕು ಸಲ ಅಂದರು. ಐದನೆಯ ಸಲ ಕೂಗಿಗೆ ಉತ್ತರವಿಲ್ಲ. ಹೊಟ್ಟೆಯಲ್ಲಿ ಅನ್ನವಿಲ್ಲ, ಬೆನ್ನಿಗೆ ಬಿಸಿ ಎಣ್ಣೆ, ಪಾಪ, ಅಕ್ಕೋರಿಗೆ ಗಾಢ ನಿದ್ದೆ.

"ಹೋಯ್ತು! ಎಚ್ಚರ ತಪ್ಪಿಸಿದಳು!" ಅಂತ ಒಂದು ಕೂಗು. ನಾನು ಚಾದರ ಎಳೆದು ಅಕ್ಕೋರಿಗೆ ಹೊದೆಸುವುದಕ್ಕೂ ಮೂವರೂ ಗಂಡಸರು ಒಳಗೆ ನುಗ್ಗುವುದಕ್ಕೂ ಸರಿಹೋಯಿತು. ಒಬ್ಬರ ಕೈಯಲ್ಲಿ ಕೊಡೆ, ಇನ್ನೊಬ್ಬರ ಕೈಯಲ್ಲಿ ನೀರಿನ ಚೊಂಬು. ಆ ಚೊಂಬಿನ ನೀರು ಅಕ್ಕೋರ ಮುಖಕ್ಕೆ ಬಿತ್ತು.

ಅಕ್ಕೋರು ಎದ್ದು ಕೂತರು. ಕ್ಲಾಸಿನಲ್ಲಿ ಗದ್ದಲ ಮಾಡಿದ ಮಕ್ಕಳನ್ನು ನೋಡುವ ಹಾಗೆ ಮೂವರನ್ನೂ ನೋಡಿದರು. ಆಮೇಲೆ ಗಂಡನಿಗೆ ಹೇಳಿದರು, "ಮೂವತ್ತೈದು ವರ್ಷ ನಿಮ್ಮ ಗೊರಕೆ ಕೇಳ್ತಾ ಎಚ್ಚರ ಇದ್ದೆ. ಒಂದು ದಿನ ನಾ ಗೊರಕೆ ಹೊಡೆದದ್ದಕ್ಕೆ ಊರು ಕೂಡಿಸಿದ್ರಾ?"

೪. ಮಿಶನ್ನಿನ ಎಣ್ಣೆ

ಇಷ್ಟಾದರೂ ಕಾರವಾರದ ಸುದ್ದಿ ಅವರ್ಸಾ ಮುಟ್ಟುತ್ತಿರಲಿಲ್ಲ. ನನಗೆ ಭಯ ಇದ್ದದ್ದು ನಮ್ಮ ಬೇಲಿಯಾಚೆಯ ಮನೆಯ ಅಕ್ಕನದು. ಅವರ ಕಣ್ಣಿಗೂ ಮೂಗಿಗೂ ರಜೆ ಅನ್ನುವುದಿಲ್ಲ. ನಾನು ನರ್ಸು ಅಂತ ಅತ್ತೆ ಹೇಳಿದ ಮರುದಿನವೇ ಬಿ.ಪಿ. ನೋಡು ಅಂತ ತೋಳು ಚಾಚಿಕೊಂಡು ಬಂದಿದ್ದರು. ಬಿ.ಪಿ. ನೋಡುವ ಮಿಶನ್ನು ದವಾಖಾನೆಯಲ್ಲಿದೆ ಅಂತ ತಪ್ಪಿಸಿಕೊಂಡೆ.

ಒಂದು ದಿನ ಅಂಕೋಲಾದಲ್ಲಿ ಗಿರಾಕಿಯ ಮನೆಯಿಂದ ಹೊರಬಿದ್ದು ಮೀನು ಮಾರ್ಕೆಟ್ಟಿಗೆ ಹೋದರೆ ಅಲ್ಲಿ ಎದುರಿಗೇ ಅಕ್ಕ. ನನ್ನ ಕೈ ಹಿಡಿದುಕೊಂಡು ಮೂಸಿದರು. ಸುತ್ತ ಅಷ್ಟು ಮೀನಿದ್ದರೂ ಅವರ ಮೂಗು ದಾರಿ ತಪ್ಪಲಿಲ್ಲ.

"ನರ್ಸಮ್ಮನ ಕೈಗೆ ಯಂತಕೆ ಎಳ್ಳೆಣ್ಣೆ ವಾಸನೆ?"

ನಾನು ಕೈ ಬಿಡಿಸಿಕೊಂಡು ಸ್ಕೂಟರು ಹತ್ತಿದೆ. ಸಂಜೆ ಅವರು ಅದೇ ಪ್ರಶ್ನೆ ಹಿಡಿದುಕೊಂಡು ನಮ್ಮ ಜಗಲಿಗೇ ಬಂದರು. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಬಿ.ಪಿ. ಮಿಶನ್ನಿಗೆ ಎಣ್ಣೆ ಬಿಡೂದು ಇವಳೇ," ಅಂದರು.

೫. ಬಾಣಂತಿ

ಈ ಮಳೆಗಾಲದ ಮೊದಲಲ್ಲಿ ಅತ್ತೆ ಬಾವಿಕಟ್ಟೆಯ ಹತ್ತಿರ ಜಾರಿದರು. ಮೂಳೆಗೇನೂ ಆಗಿಲ್ಲ ಅಂತ ಡಾಕ್ಟರು ಹೇಳಿದರು, ಸೊಂಟ ಮಾತ್ರ ಹಿಡಿದುಕೊಂಡಿತು. ಉಪ್ಪಿನ ಗಂಟು ಕಾಯಿಸಿ ಇಟ್ಟುಕೊಂಡರು, ಮುಲಾಮು ಹಚ್ಚಿಕೊಂಡರು, ನೋವೇ ಇಲ್ಲ ಅಂದರು. ಅನ್ನುತ್ತಲೇ ಅಂಗಳದಲ್ಲಿ ಬಗ್ಗಿಕೊಂಡು ಓಡಾಡಿದರು. ತಾಯಿಯನ್ನು ನೋಡಲು ಕುಮಟಾದಿಂದ ನಾದಿನಿ ಬಂದು ಸಂಜೆಗೆ ಹೊರಟುಹೋದಳು. ಅವಳಿಗೆ ಮದುವೆಯಾಗಿ ಆಗ ಐದು ತಿಂಗಳು.

ಮರುದಿನ ಬೆಳಿಗ್ಗೆ ನಾನು ಚೀಲ ತೆಗೆದುಕೊಳ್ಳುವಾಗ ಅತ್ತೆ ಗೋಡೆ ನೋಡುತ್ತ ಕೇಳಿದರು, "ಎಣ್ಣೆ ಉಂಟಾ ಅದರಲ್ಲಿ?"

"ಉಂಟು."

"ನಂಗಲ್ಲ. ಹಾಗೇ ಕೇಳ್ದೆ."

ನಾನು ಚೀಲ ಕೆಳಗಿಟ್ಟೆ. ಅವತ್ತಿನ ಗಿರಾಕಿಗೆ ಫೋನ್ ಮಾಡಿ ನಾಳೆ ಬರುತ್ತೇನೆ ಅಂದೆ. ಅತ್ತೆ ಬಾಗಿಲು ಹಾಕಿಸಿದರು, ಕಿಟಕಿ ಹಾಕಿಸಿದರು. ಮೂರು ವರ್ಷದಲ್ಲಿ ಒಮ್ಮೆಯೂ ಕೇಳದವರು ಸರ್ಟಿಫಿಕೇಟು ತರಿಸಿ, ಕನ್ನಡಕ ಹಾಕಿಕೊಂಡು ಸೀಲು ನೋಡಿದರು. ಕಿವಿಯ ಬೆಂಡೋಲೆ ಬಿಚ್ಚಿ ಸೆರಗಿಗೆ ಗಂಟು ಹಾಕಿದರು, ಅದೂ ಸ್ವಂತ ಸೊಸೆಯ ಎದುರು! ನನಗೆ ನಗು ತಡೆಯಲಾಗಲಿಲ್ಲ.

ಇನ್ನು ಬೇಲಿಯಾಚೆಯ ಅಕ್ಕನಿಗೆ ಸಿಕ್ಕ ಸುಳಿವುಗಳು. ಕೆಲಸದ ದಿನ ಹತ್ತು ಗಂಟೆಯಾದರೂ ನನ್ನ ಸ್ಕೂಟರು ಅಂಗಳದಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಬಚ್ಚಲೊಲೆಯ ಹೊಗೆ. ಹಗ್ಗದ ಮೇಲೆ ಹಳೆಯ ಸೀರೆಯ ತುಂಡುಗಳು. ಬಿಸಿ ಎಣ್ಣೆಯ ವಾಸನೆ. ಮುಚ್ಚಿದ ಕಿಟಕಿಯೊಳಗಿನಿಂದ "ಅಯ್ಯಯ್ಯೋ" ಅನ್ನುವ ಹೆಂಗಸಿನ ದನಿ. ನಾದಿನಿ ಬಂದದ್ದನ್ನು ಅಕ್ಕ ನೋಡಿದ್ದರು, ಹೋದದ್ದನ್ನು ನೋಡಿರಲಿಲ್ಲ. ಸಾಲದ್ದಕ್ಕೆ ಮನೆಯಲ್ಲಿ ನರ್ಸು ಬೇರೆ ಇದ್ದಾಳೆ!

ಮಧ್ಯಾಹ್ನದ ಹೊತ್ತಿಗೆ ಅಕ್ಕ ಇನ್ನಿಬ್ಬರನ್ನು ಕೂಡಿಸಿಕೊಂಡು ನಮ್ಮ ಜಗಲಿಯಲ್ಲಿದ್ದರು. ಕೈಯಲ್ಲಿ ಬಾಣಂತಿಗೆ ಕೊಡುವ ಮೆಂತೆ ಲಾಡಿನ ಡಬ್ಬ, ಅದರ ಮೇಲೆ ಒಂದು ಪುಟ್ಟ ಕುಲಾಯಿ. ನಾನು ಬಾಗಿಲು ಸ್ವಲ್ಪವೇ ತೆರೆದೆ.

"ಹೆಣ್ಣೋ ಗಂಡೋ?" ಅಂದರು ಅಕ್ಕ. ಆಮೇಲೆ ದನಿ ತಗ್ಗಿಸಿ, "ಐದು ತಿಂಗಳಿಗೇ ಆಯ್ತು ಅಂತ ನಾವ್ಯಾರೂ ಹೊರಗೆ ಆಡೂದಿಲ್ಲ, ಹೆದರ್ಬೇಡಿ," ಅಂದರು. ಸಂಜೆಯೊಳಗೆ ಕುಮಟಾದವರೆಗೂ ಆಡುತ್ತಾರೆ ಅಂತ ಅವರ ಮುಖದಲ್ಲೇ ಬರೆದಿತ್ತು.

ಒಳಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದು ಯಾರು ಅಂತ ಹೇಳಿದರೆ ಮೂರು ವರ್ಷದ ಗುಟ್ಟು ಹೋಯಿತು, ನನ್ನ ಕೆಲಸವೂ ಹೋಯಿತು. ಹೇಳದಿದ್ದರೆ ನಾದಿನಿಯ ಮಾನ ಹೋಯಿತು. ಹಿಂತಿರುಗಿ ನೋಡಿದೆ.

ಅತ್ತೆ ಹಳೆಯ ಸೀರೆ ಸುತ್ತಿಕೊಂಡು, ಎಣ್ಣೆ ಸುರಿಯುವ ಮೈಯಲ್ಲಿ ಬಾಗಿಲಿಗೆ ಬಂದು ನಿಂತರು.

"ಬಾಣಂತಿ ನಾನೇ. ಎಂತ ಈಗ? ಲಾಡು ಇಲ್ಲಿ ತಾ."

ಅತ್ತೆ ಡಬ್ಬ ಇಸಿದುಕೊಂಡು, ಕುಲಾಯಿ ತೆಗೆದು ಅಕ್ಕನ ಕೈಗೇ ವಾಪಸು ಕೊಟ್ಟರು. "ಮಗಳು ನಿನ್ನೆ ಸಂಜೆ ಬಸ್ಸಿಗೇ ಹೋಯ್ತು. ಇವಳು ನರ್ಸೂ ಅಲ್ಲ ಗಿರ್ಸೂ ಅಲ್ಲ. ಮಸಾಜು ಮಾಡೂದು. ನಾ ಮಾಡ್ಸ್ಕಂಡೆ. ಯಾರಿಗೆ ಹೇಳ್ತ್ಯೋ ಹೇಳು."

ಅಕ್ಕ ಏನೋ ಅನ್ನಲು ಹೊರಟವರು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲಾ ಮಾರಾಯ್ತಿ, ನಿನ್ನೆ ಬಗ್ಗಿ ಓಡಾಡ್ತಾ ಇದ್ದೆ. ಈಗ ಕಂಬದ ಹಾಗೆ ನಿಂತಿದ್ಯಲ್ಲೇ?"

ಅದು ಆಗಲೇ ಅತ್ತೆಗೂ ಗೊತ್ತಾಗಿದ್ದು. ಸೊಂಟ ಮುಟ್ಟಿ ನೋಡಿಕೊಂಡರು. ನನ್ನ ಕಡೆ ತಿರುಗಿದರು. ಮೂರು ವರ್ಷದಲ್ಲಿ ಮೊದಲ ಸಲ ಆ ಮುಖದಲ್ಲಿ ದುರುಗುಟ್ಟುವುದು ಇರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

"ನಂದೂ ಮೊಣಕಾಲು ಒಂದು ವರ್ಷದಿಂದ..." ಅನ್ನುತ್ತ ಅಕ್ಕ ಚಪ್ಪಲಿ ಬಿಟ್ಟು ಹೊಸಿಲಿಗೆ ಕಾಲಿಟ್ಟರು. ಅತ್ತೆ ಅಡ್ಡ ಕೈ ಹಿಡಿದರು.

"ಹಾಗೆಲ್ಲ ಸೀದಾ ಬಂದ್ರೆ ಆಗೂದಿಲ್ಲ. ಫೋನ್ ಮಾಡಿ ಬುಕ್ ಮಾಡ್ಬೇಕು."

ಅಕ್ಕ ನನ್ನ ನಂಬರು ಕೇಳಿ, ಅಲ್ಲೇ ಜಗಲಿಯಲ್ಲಿ ಮೂರಡಿ ದೂರ ನಿಂತು ಫೋನ್ ಮಾಡಿದರು. ಒಳಗೆ ಮೇಜಿನ ಮೇಲೆ ನನ್ನ ಮೊಬೈಲು ಬಡಿದುಕೊಂಡಿತು. ನಾನು ಕೈ ಚಾಚುವ ಮೊದಲೇ ಅತ್ತೆ ಅದನ್ನು ಎಣ್ಣೆಗೈಯಲ್ಲಿ ಎತ್ತಿ ಕಿವಿಗಿಟ್ಟುಕೊಂಡರು. ಎದುರಿಗೇ ನಿಂತಿದ್ದ ಅಕ್ಕನನ್ನು ದುರುಗುಟ್ಟಿ ನೋಡುತ್ತ ಕೇಳಿದರು:

"ಹಲೋ, ನೀವು ಹೆಂಗಸೇ ಹೌದಾ?"